ಅಕ್ಕನ ಕೆಂಪು ಡಿಸ್ಕು

ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಕೈಗೊಂದು ಡಿಸ್ಕು ಕೊಡಿ. ಅದು ಯಾವ ಬ್ಯಾಚಿನದು, ಅಚ್ಚು ಹಾಕಿದ ದಿನ ಸೆಕೆಯಿತ್ತೋ ಚಳಿಯಿತ್ತೋ, ಯಂತ್ರದ ಮುಂದೆ ನಿಂತವನಿಗೆ ನೆಗಡಿಯಾಗಿತ್ತೋ ಇಲ್ಲವೋ, ಎಲ್ಲವನ್ನೂ ಹೇಳಿಬಿಡುತ್ತೇನೆ. ಆಟದ ಸಾಮಾನಿನ ಅಂಗಡಿ ನಡೆಸಿಯೇ ತಲೆ ಬೋಳಾದವನು ನಾನು. ಡಿಸ್ಕಿನ ವಿಷಯದಲ್ಲಿ ನನ್ನನ್ನು ಏಮಾರಿಸುವವರು ಇನ್ನೂ ಹುಟ್ಟಿಲ್ಲ. ಅಕ್ಕ ನನಗಿಂತ ಮೊದಲೇ ಹುಟ್ಟಿದವಳು, ಆ ಮಾತು ಬೇರೆ.

ಅಕ್ಕನದು ಪಾರ್ಕಿನ ಎದುರು ಇಸ್ತ್ರಿ ಅಂಗಡಿ. ಪಾರ್ಕಿನಲ್ಲಿ ಅಲ್ಲಲ್ಲಿ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಗಳಿವೆ. ದೂರದಿಂದ ಡಿಸ್ಕು ಎಸೆಯುತ್ತ ಹೋಗಿ, ಆದಷ್ಟು ಕಡಿಮೆ ಎಸೆತದಲ್ಲಿ ಬುಟ್ಟಿಗೆ ಬೀಳಿಸಬೇಕು. ಡಿಸ್ಕ್ ಗಾಲ್ಫ್ ಅಂದರೆ ಇಷ್ಟೇ. ಒಂದು ದಿನ ಯಾರದೋ ಡಿಸ್ಕು ದಾರಿ ತಪ್ಪಿ ಬಂದು ಅಕ್ಕನ ಇಸ್ತ್ರಿ ಮೇಜಿನ ಮೇಲೆ, ಬೆಚ್ಚಗಿನ ಅಂಗಿಯೊಂದರ ಎದೆಯ ಮೇಲೆ ಕೂತಿತು. ಅಕ್ಕ ಹೊರಗೆ ಬಂದು ಅದನ್ನು ಬೀಸಿ ವಾಪಸು ಎಸೆದಳು. ಡಿಸ್ಕು ತನ್ನ ಯಜಮಾನನ ತಲೆ ದಾಟಿ, ಮರ ದಾಟಿ, ಒಂದು ಮೋಡಕ್ಕೆ ತೂತು ಮಾಡಿ ಇಳಿಯಿತು. ಆ ಮೋಡ ಈಗಲೂ ನಮ್ಮ ಬೀದಿಯ ಮೇಲೆ ಹಾಯುವಾಗ ಹೆದರಿ ಬಗ್ಗುತ್ತದೆ. ಅಷ್ಟರಲ್ಲಿ ಮೇಜಿನ ಮೇಲೆ ಅಂಗಿ ಸುಟ್ಟು ಹೋಗಿತ್ತು. "ಆ ಬಣ್ಣದ ಅಂಗಿ ಸುಟ್ಟಿದ್ದೇ ಪುಣ್ಯ" ಎಂದು ಅಕ್ಕ ಇವತ್ತಿಗೂ ವಾದಿಸುತ್ತಾಳೆ.

ಅಂದಿನಿಂದ ಅವಳಿಗೆ ಬೆಳಗಿನ ಆಟ ಬಿಡದ ಚಟವಾಯಿತು. ನಾನೇ ಅವಳಿಗೊಂದು ಕೆಂಪು ಡ್ರೈವರ್ ಕೊಟ್ಟೆ. ಡ್ರೈವರ್ ಅಂದರೆ ದೂರ ಹೋಗಲೆಂದೇ ಅಂಚು ಚೂಪಾಗಿಸಿದ ಡಿಸ್ಕು. ಇದು ಮೊದಲ ಬ್ಯಾಚಿನ ಮಾಲು. ಗಟ್ಟಿ ಪ್ಲಾಸ್ಟಿಕ್, ಚಪ್ಪಟೆ ಬೆನ್ನು, ಎಷ್ಟು ಹಳತಾದರೂ ಕರಗದ ಹಟ. ತೋಳಿನಲ್ಲಿ ರಭಸ ಇದ್ದರೆ ನೆಟ್ಟಗೆ ಹೋಗುತ್ತದೆ, ಇಲ್ಲದಿದ್ದರೆ ಅರ್ಧ ದಾರಿಯಲ್ಲೇ ಎಡಕ್ಕೆ ಮುಖ ತಿರುಗಿಸಿ ನೆಲ ಕಚ್ಚುತ್ತದೆ. ಕೊನೆಯ ಬುಟ್ಟಿಯ ಮುಂದಿರುವ ಹಳ್ಳವನ್ನು ಅದು ದಿನಾ ಹಾರಿ ದಾಟುತ್ತಿತ್ತು.

ಆಮೇಲೆ ಅಕ್ಕನ ಬಲಭುಜ ಬಿಗಿದುಕೊಂಡಿತು. ಊರಿನ ಸುಕ್ಕನ್ನೆಲ್ಲ ಒತ್ತಿ ಒತ್ತಿ ಸವೆಸಿದ ಭುಜ. ತಿಂಗಳುಗಟ್ಟಲೆ ಜಡೆ ಹಾಕಿಕೊಳ್ಳಲೂ ಕೈ ಏಳಲಿಲ್ಲ. ಭಾವ ಗಡಿಯಾರ ರಿಪೇರಿ ಮಾಡುವವರು. ದಿನಾ ಅವರೇ ಬಾಚಿ, ಗಡಿಯಾರದ ಮುಳ್ಳಿನಷ್ಟು ನೆಟ್ಟಗೆ ಬೈತಲೆ ತೆಗೆಯುತ್ತಿದ್ದರು. ನೋವು ಹೋಯಿತು, ಬಲ ಮರಳಲಿಲ್ಲ. ಕೆಂಪು ಡಿಸ್ಕು ದಿನವೂ ಹಳ್ಳಕ್ಕೆ ಬೀಳತೊಡಗಿತು.

"ಭಾನುವಾರದೊಳಗೆ ಇದು ಹಳ್ಳ ದಾಟ್ಲಿಲ್ಲ ಅಂದ್ರೆ ನಾನು ಈ ಕಡೆ ತಲೆ ಹಾಕಲ್ಲ ಕಣೋ" ಎಂದಳು. ಅಕ್ಕ ಆಡಿದರೆ ಆಡಿದಂತೆಯೇ.

ಮಾರನೆಯ ದಿನ ಭಾವ ನನ್ನ ಅಂಗಡಿಗೆ ಬಂದರು.

"ಅವಳು ಆಟ ಬಿಟ್ರೆ ಮಂಕಾಗ್ಬಿಡ್ತಾಳೆ ಕಣಯ್ಯ. ಏನಾದ್ರೂ ಮಾಡು."

"ಹಗುರವಾದ ಬೇರೆ ಡಿಸ್ಕು ಕೊಡ್ಲಾ ಭಾವ?"

"ಕೈಲಾಗದವಳಿಗೆ ಅಂತ ಕೊಟ್ರೆ ಅದನ್ನ ನನ್ನ ತಲೆಗೇ ಎಸೀತಾಳೆ."

ನಾನು ಆಚೆ ಬದಿಯ ಪೆಟ್ಟಿಗೆ ತೆಗೆದೆ. ಅದೇ ಹೆಸರು, ಅದೇ ಅಚ್ಚು, ಅದೇ ತೂಕ, ಅದೇ ಕೆಂಪು. ಬ್ಯಾಚು ಮಾತ್ರ ಬೇರೆ. ಪ್ಲಾಸ್ಟಿಕ್ಕಿನ ಮಿಶ್ರಣ ಚೂರು ಬದಲಾದರೆ, ಅಚ್ಚಿನಿಂದ ತೆಗೆದದ್ದು ಚೂರು ಬೇಗ ಆರಿದರೆ, ಬೆನ್ನು ಉಬ್ಬುತ್ತದೆ, ಅಂಚು ಕೂದಲೆಳೆಯಷ್ಟು ಇಳಿಯುತ್ತದೆ. ಅಷ್ಟಕ್ಕೇ ಒಡಹುಟ್ಟಿದವರ ಸ್ವಭಾವ ಬೇರೆಯಾಗಿಬಿಡುತ್ತದೆ. ಈ ಬ್ಯಾಚಿನದು ಸಾಧು. ಮೆಲ್ಲಗೆ ಎಸೆದರೂ ನೆಟ್ಟಗೆ ತೇಲುತ್ತದೆ.

"ಅವಳಿಗೆ ಗೊತ್ತಾಗಲ್ವಾ?"

"ಭಾವ, ಇದು ನನಗೆ ಗೊತ್ತಾಗುತ್ತೆ, ಆ ದೇವರಿಗೆ ಗೊತ್ತಾಗುತ್ತೆ. ಅವನೂ ನನ್ನನ್ನ ಕೇಳೇ ಹೇಳ್ಬೇಕು."

ಅಕ್ಕ ಸ್ನಾನಕ್ಕೆ ಹೋದ ಹೊತ್ತು ನೋಡಿ ಭಾವ ಹಳೆಯದನ್ನು ಎತ್ತಿಕೊಂಡು ಬಂದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಅದರ ಪ್ರತಿ ಗೀರನ್ನೂ ಹೊಸದರ ಮೇಲೆ ಇಳಿಸಿದರು. ಹಿಂದೊಮ್ಮೆ ಕಂಬಕ್ಕೆ ಬಡಿದು ಅಂಚಿನಲ್ಲಿ ಬಿದ್ದಿದ್ದ ಕಚ್ಚನ್ನೂ ಸಣ್ಣ ಅರದಿಂದ ಮೂಡಿಸಿದರು. ಹೆತ್ತ ಕಾರ್ಖಾನೆಗೂ ವ್ಯತ್ಯಾಸ ತಿಳಿಯದಂತಿತ್ತು. ಅಕ್ಕ ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಹಳೆಯದರ ಜಾಗದಲ್ಲಿ ಹೊಸದಿತ್ತು.

ಭಾನುವಾರ ಅಕ್ಕ ಎಸೆದಳು. ಡಿಸ್ಕು ಎಡಕ್ಕೆ ಹೊರಳುವ ಜಾಗಕ್ಕೆ ಬಂದು, ಹೊರಳದೆ, ತೇಲಿಕೊಂಡು ಹಳ್ಳ ದಾಟಿತು. ಅಂಗಡಿ ಬಿಟ್ಟು ಎಂದೂ ಕದಲದ ಭಾವ ಅಂದಿನಿಂದ ದಿನಾ ನೀರಿನ ಬಾಟಲಿ ಹಿಡಿದು ಪಾರ್ಕಿಗೆ ಬರತೊಡಗಿದರು. ಡಿಸ್ಕು ಹಳ್ಳದ ಮೇಲಿರುವಷ್ಟು ಹೊತ್ತು ಉಸಿರು ಬಿಗಿಹಿಡಿದು, ಆಚೆ ಬಿದ್ದ ಮೇಲೆ ಬಿಡುತ್ತಿದ್ದರು. ಆ ಗಾಳಿಯಲ್ಲಿ ನನ್ನ ಪ್ರಾಯವೂ ಮರಳಿತೋ ಏನೋ. ಸ್ವಲ್ಪ ದಿನದಿಂದ ನನ್ನ ಹಳೆಯ ನೀಲಿ ಡ್ರೈವರ್ ಕೂಡ ಪಕ್ಕದ ಊರಿನ ಗಡಿ ಮುಟ್ಟಿ ಬರುತ್ತಿತ್ತು.

ಒಂದು ಬೆಳಿಗ್ಗೆ ಭಾವ ನೀರು ತುಂಬಿಸಿಕೊಳ್ಳಲು ನಲ್ಲಿಗೆ ಹೋಗಿದ್ದರು. ನಾವಿಬ್ಬರೂ ಬೆಂಚಿನ ಮೇಲಿದ್ದೆವು. ನನ್ನ ನಾಲಿಗೆ ತುರಿಸಿತು. "ಭುಜ ಸರಿಹೋಯ್ತಲ್ಲ ಅಕ್ಕಾ!"

"ಭುಜ ಎಲ್ಲಿ ಸರಿಹೋಯ್ತು? ಡಿಸ್ಕು ಬದಲಾಯ್ತು."

ನನಗೆ ಕೆಮ್ಮು ಬಂತು. ಅಕ್ಕ ಡಿಸ್ಕಿನ ಅಂಚನ್ನು ನನ್ನ ಬೆರಳಿಗೆ ತಾಗಿಸಿದಳು.

"ಹಳೇದರ ಕಚ್ಚು ಎಸೆದಾಗೆಲ್ಲ ನನ್ನ ಬೆರಳಿಗೆ ಚುಚ್ಚೋದು. ಇದು ಚುಚ್ಚಲ್ಲ. ಕಚ್ಚು ಹಾಕೋದೂ ಹಾಕಿ, ನನಗೆ ನೋವಾಗ್ಬಾರ್ದು ಅಂತ ಅದರ ಮೊನೆ ಉಜ್ಜಿ ನುಣ್ಣಗೂ ಮಾಡೋ ಮನುಷ್ಯ ಈ ಲೋಕದಲ್ಲಿ ಇನ್ಯಾರಿದ್ದಾರೆ?" ನಲ್ಲಿಯ ಕಡೆ ನೋಡಿದಳು. "ಅವರಿಗೆ ಹೇಳ್ಬೇಡ. ಬರೋದು ನಿಲ್ಲಿಸ್ಬಿಟ್ಟಾರು."

ನಾನೂ ನಲ್ಲಿಯ ಕಡೆ ನೋಡಿ ತಲೆಯಾಡಿಸಿದೆ. ಆದರೂ ಸೋಲೊಪ್ಪಿಕೊಳ್ಳುವುದು ಹೇಗೆ? "ಕಚ್ಚು ಕೈಕೊಟ್ಟಿತು ಬಿಡು. ಅದಿಲ್ದಿದ್ರೆ ನಿನಗೆ ಗೊತ್ತಾಗ್ತಿರ್ಲಿಲ್ಲ. ನನ್ನ ಕೈಗಾದ್ರೆ ಮುಟ್ಟಿದ ಕೂಡಲೇ ಬ್ಯಾಚು ಗೊತ್ತಾಗುತ್ತೆ."

ಅಕ್ಕ ನನ್ನ ನೀಲಿ ಡ್ರೈವರನ್ನು ಎತ್ತಿ, ಧೂಳು ಒರೆಸಿ, ನನ್ನ ತೊಡೆಯ ಮೇಲಿಟ್ಟಳು.

"ಹೌದಾ ರಾಜ? ಪಕ್ಕದ ಮನೆಯವಳಿಗೆ ಅಂತ ಹೋದ ತಿಂಗಳು ನಿನ್ನಂಗಡೀಲೇ ಒಂದು ನೀಲಿದು ತಗೊಂಡೆನಲ್ಲ, ಒಗೆಯೋ ಕಲ್ಲಿಗೆ ಎರಡು ಸಲ ಉಜ್ಜಿ ನಿನ್ನ ಚೀಲದಲ್ಲಿಟ್ಟಿದ್ದೆ. ಅವತ್ತಿಂದ ನೀನು ಎಸೀತಿರೋದು ಅದನ್ನೇ."