ಲಿಫ್ಟು ಏಪ್ರಿಲ್‌ಗೆ ಬರುತ್ತದಂತೆ

ನನ್ನ ಅಕ್ಕನನ್ನು ಮಿರಜಿನ ಆಸ್ಪತ್ರೆಯ ಮೂರನೆಯ ಮಹಡಿಯಿಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದ್ದು ಯಾಕೆ ಎಂಬುದು ಕಳೆದ ಭಾನುವಾರ ಗೊತ್ತಾಯಿತು. ಹೇಳಿದವನು ಡಾಕ್ಟರಲ್ಲ. ಅಕ್ಕನ ಮಗಳನ್ನು ನೋಡಲು ಬಂದಿದ್ದ ಹುಡುಗ!

ನಮ್ಮ ಸಾಂಗ್ಲಿಯಲ್ಲಿ ಹೆಣ್ಣು ನೋಡುವುದೆಂದರೆ ಪೋಹೆ. (ಅವಲಕ್ಕಿಯೇ. ಆದರೆ ಹಾಗೆಂದರೆ ಬೀಗರಿಗೆ ರುಚಿಸುವುದಿಲ್ಲ.) ಭಾವ ಅರಿಶಿನದ ವ್ಯಾಪಾರಿ. ಮಗಳು ಸ್ಮಿತಾ ಎಂ.ಕಾಂ. ಹುಡುಗ, ಅಕ್ಕನ ಆಪರೇಷನ್ ಆದ ಅದೇ ಆಸ್ಪತ್ರೆಯ ಆಡಳಿತದ ಮುಖ್ಯಸ್ಥ. ಯಾವುದೋ ಕಂಪನಿ ನಡೆಸುವ ಆಸ್ಪತ್ರೆ. ಬಂದವನೇ ಭಾವನ ಕಾಲಿಗೆ ನಮಸ್ಕರಿಸಿದ, ಮರಾಠಿಗೆ ಜಾರುವ ನಾಲಿಗೆಯನ್ನು ಹಿಡಿದು ಹಿಡಿದು ಕನ್ನಡ ಆಡಿದ. ನನಗೂ ಹಿಡಿಸಿಬಿಟ್ಟ.

ಮಾತು ಕೆಲಸಕ್ಕೆ ಬಂತು. ಆಸ್ಪತ್ರೆಯ ಮುಂದೆ ಗಾಜಿನ ಹೊಸ ಹಾಲ್ ಇದೆಯಲ್ಲ, ಅದು ತನ್ನದೇ ಪ್ರಾಜೆಕ್ಟ್ ಎಂದ. ದೀಪಾವಳಿಯೊಳಗೆ ಉದ್ಘಾಟನೆ ಆದರೆ ಬೋನಸ್ ಎಂದು ಕಂಪನಿ ಹೇಳಿತ್ತಂತೆ. ಗೋಡೆಯ ಬಣ್ಣ ಒಣಗುವ ಮೊದಲೇ ರಿಬ್ಬನ್ ಕತ್ತರಿಸಿದರಂತೆ.

ಭಾವ ಸುಮ್ಮನಿರಬಾರದೇ? ಹಾಗಾದರೆ ಲಿಫ್ಟ್ ಯಾಕೆ ಕೆಟ್ಟು ನಿಂತಿದೆ ಎಂದು ಕೇಳಿದರು.

ಹುಡುಗ ನಕ್ಕ. "ಹೊಸಾದನ್ನ ಬೇಕಂತನ ತಡದ ಇಟ್ಟೇನ್ರಿ ಕಾಕಾ. ಈ ವರ್ಷ ತಂದ್ರ ಖರ್ಚು ನನ್ನ ಲೆಕ್ಕದಾಗ ಬರ್ತೈತಿ, ಇನ್ಸೆಂಟಿವ್ ಹೋಗ್ತೈತಿ. ಏಪ್ರಿಲ್‌ನಾಗ ತರೂಣು."

ಹಣ ಮಂಜೂರಾಗಿದೆಯಂತೆ. ಕಂಪನಿಯ ಒಪ್ಪಿಗೆಯೂ ಇದೆಯಂತೆ. ಮಾರ್ಚ್ ದಾಟಿ ಈ ವರ್ಷದ ಲೆಕ್ಕ ಮುಗಿದರೆ ಸಾಕಂತೆ.

ಅವನು ತಪ್ಪು ಒಪ್ಪಿಕೊಳ್ಳುತ್ತಿರಲಿಲ್ಲ, ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ! ಎದುರಿಗೆ ಕೂತ ಅಕ್ಕನನ್ನು ನೋಡಿದೆ. ಜನವರಿಯಲ್ಲಿ, ಹೊಟ್ಟೆಯ ಹೊಲಿಗೆ ಇನ್ನೂ ಹಸಿಯಾಗಿದ್ದಾಗ, ವಾರ್ಡ್‌ಬಾಯ್‌ಗಳು ಅವಳನ್ನು ಕುರ್ಚಿ ಸಮೇತ ಎತ್ತಿದ್ದರು. ಮೆಟ್ಟಿಲಿನ ತಿರುವಿನಲ್ಲಿ ಒಬ್ಬನ ಕೈ ಜಾರಿತು. ಅಕ್ಕ ಕಿರುಚಲಿಲ್ಲ. ನನ್ನ ಸೆರಗು ಹಿಡಿದಳು, ಅದು ಪರ್ರನೆ ಹರಿಯಿತು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಆ ಅಕ್ಕ ಈಗ ಏನೆಂದಳು? ಇನ್ನಷ್ಟು ಪೋಹೆ ಹಾಕಲೇ ಎಂದಳು.

ಹುಡುಗ ಹೇಳಿದ್ದಕ್ಕೇ ಗಾಬರಿಯಾಗಿತ್ತು. ಕೋಣೆಯಲ್ಲಿ ಬೇರೆ ಯಾರ ಮುಖವೂ ಬದಲಾಗಲಿಲ್ಲವಲ್ಲ, ಅದನ್ನು ಕಂಡು ಇನ್ನೂ ಗಾಬರಿಯಾಯಿತು.

ಹುಡುಗನ ಕಡೆಯವರು ಹೊರಟ ಮೇಲೆ ಭಾವ, ಹುಡುಗ ಭಾಳ ಶಾಣ್ಯಾ, ಜಾಣ ಅಂದರೆ ಜಾಣ ಎಂದು ತೀರ್ಪು ಕೊಟ್ಟರು. ನಾನು ರೇಗಿದೆ. ತಡೆದವಳು ಅಕ್ಕನೇ.

"ಅವಂದೇನ ತಪ್ಪ? ಪಗಾರ ಕೊಡಾವ್ರು ಹಂಗ ಇಟ್ಟಾರ, ಅಂವ ಹಂಗ ಮಾಡ್ಯಾನ."

ಹೌದಲ್ಲ! ಗಾಜಿನ ಹಾಲ್ ಬೇಗ ಆದರೆ ದುಡ್ಡು ಎಂದರು, ಬೇಗ ಆಯಿತು. ಲಿಫ್ಟ್ ತಡವಾದರೆ ದುಡ್ಡು ಎಂದರು, ತಡವಾಯಿತು. ಹೊಲಿಗೆ ಹಾಕಿದ ಹೊಟ್ಟೆಯವರು ಕುರ್ಚಿಯಲ್ಲಿ ಇಳಿಯದಿದ್ದರೆ ಇಷ್ಟು ಕೊಡುತ್ತೇವೆ ಎಂದು ಯಾರಾದರೂ ಅಂದಿದ್ದರೆ? ದೊಡ್ಡ ಕಾಮಗಾರಿಗಳೆಲ್ಲ ಅವಸರದಲ್ಲಿ ಮುಗಿಯುವುದು, ಇಲ್ಲವೇ ವರ್ಷಗಟ್ಟಲೆ ಮಲಗುವುದು ಯಾಕೆ ಎಂದು ನಾವು ತಲೆ ಕೆರೆದುಕೊಳ್ಳುತ್ತೇವೆ. ಸಾಹೇಬರ ಸಂಬಳದ ಕರಾರನ್ನು ಒಮ್ಮೆ ಓದಿದರೆ ಸಾಕೇನೋ. (ನಮಗೆ ಯಾರು ತೋರಿಸುತ್ತಾರೆ ಬಿಡಿ.)

ಸಂಜೆ ಫೋನ್ ಬಂತು. ಹುಡುಗಿ ಒಪ್ಪಿಗೆಯಂತೆ. ಭಾವ ಸ್ಮಿತಾಳನ್ನು ಕರೆದು, ನಿನ್ನ ಮನಸ್ಸೇನು ಎಂದು ಕೇಳಿದರು. ಲಿಫ್ಟಿನ ವಿಷಯ ತಲೆಗೆ ಹಚ್ಚಿಕೊಳ್ಳಬೇಡ, ಏಪ್ರಿಲ್‌ಗೆ ಬಂದೇ ಬರುತ್ತದೆ ಎಂದೂ ಸೇರಿಸಿದರು.

ಮರಾಠಿ ಶಾಲೆಯಲ್ಲಿ ಓದಿದ ಹುಡುಗಿ, ಮನೆಯಲ್ಲೂ ಕನ್ನಡ ಆಡುವುದು ಅಪರೂಪ. ಅಂದು ಮಾತ್ರ ಅವ್ವನ ಮುಖ ನೋಡುತ್ತ ಕನ್ನಡದಲ್ಲೇ ಕೇಳಿದಳು:

"ಲಿಫ್ಟ್ ಬರ್ತೈತಿ ಪಪ್ಪಾ. ಬರೂ ವರ್ಷ ನಾ ಹೆರಿಗಿಗೆ ಹೋದಾಗ, ಇವರು ಏನ ತಡದ ಇಟ್ಟಿರ್ತಾರ?"