ಭೀಮಶಾನ ಹೆಸರಿದ್ದ ಸಾಲು

ಕಮಲಾಪುರದ ಮಾನಮ್ಮ ಕೌದಿ ಹೊಲಿಯುವಾಗ ಯಾರಾದರೂ ಅಂಗಳಕ್ಕೆ ಬಂದರೆ, ಅರ್ಧ ಹೊಲಿದದ್ದನ್ನು ಮಡಚಿ ಒಳಗಿಡುತ್ತಿದ್ದಳು. ಮುಗಿಯದ ಕೆಲಸಕ್ಕೆ ಕಣ್ಣು ಬಿದ್ದರೆ ಕೆಡುತ್ತದೆಂದು ನಂಬಿಕೆ. ಮಗ ಭೀಮಶಾ ಬಿ.ಎಸ್ಸಿ. ಪಾಸಾದ, ಕಾಲೇಜಿನ ಪಾಠ ಬಹಳಷ್ಟು ಮರೆತ, ಇದೊಂದನ್ನು ಮರೆಯಲಿಲ್ಲ.

೨೦೦೪ರಲ್ಲಿ ಅವನಿಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಮಹಡಿಯೊಂದರಲ್ಲಿ ಕೆಲಸ ಸಿಕ್ಕಿತು. ದವಾಖಾನೆಗಳಿಗೆ ರೋಗಿಯ ಚೀಟಿ ಮುದ್ರಿಸುವ ಪ್ರೋಗ್ರಾಮ್ ಬರೆಯುವುದು. ಮಾಲಕರು ವಾಸುದೇವರಾವ್. ಕಲಿಸುವವಳು ನಜ್ಮಾ: ವಯಸ್ಸಿನಲ್ಲಿ ಅವನಿಗಿಂತ ಎರಡು ವರ್ಷ ಚಿಕ್ಕವಳು, ಕೀಬೋರ್ಡಿನ ಮೇಲೆ ಹತ್ತು ವರ್ಷ ಹಿರಿಯಳು.

"ಕಂಟ್ರೋಲ್ ಒತ್ತಿ ಎಸ್ ಹೊಡೀರಿ. ಇಷ್ಟಕ್ಕ ಆ ಮೌಸ್‌ನ ಗಾಣದ ಎತ್ತಿನಂಗ ಯಾಕ ತಿರುಗಸ್ತೀರಿ?"

ಅವನು ಒಂದೊಂದು ಶಾರ್ಟ್‌ಕಟ್ಟನ್ನೂ ಬಸ್ ಟಿಕೆಟಿನ ಹಿಂದೆ ಬರೆದುಕೊಂಡು, ಕಮಲಾಪುರದ ತನಕ ತೊಡೆಯ ಮೇಲೆ ಬೆರಳು ಕುಟ್ಟುತ್ತ ಹೋಗುತ್ತಿದ್ದ. ಪಕ್ಕದವರು ಸ್ವಲ್ಪ ಸರಿದು ಕೂಡುತ್ತಿದ್ದರು.

ಆಫೀಸಿನಲ್ಲಿ ಒಂದು ನಿಯಮವಿತ್ತು. ಎಲ್ಲರ ಫೈಲೂ ಮೂಲೆಯ ದೊಡ್ಡ ಮಷಿನಿನಲ್ಲಿ. ಬೆಳಿಗ್ಗೆ ಅಲ್ಲಿಂದ ಹೊಸ ಪ್ರತಿ ತೆಗೆದುಕೊಳ್ಳಬೇಕು. ಸಂಜೆ, ಕೆಲಸ ಅರ್ಧವಾಗಿದ್ದರೂ, ಮರಳಿಸಿ ಏನು ಬದಲಿಸಿದೆನೆಂದು ಒಂದು ಸಾಲು ಬರೆಯಬೇಕು. ಭೀಮಶಾ ತಲೆಯಾಡಿಸಿದ, ಮಾಡಲಿಲ್ಲ. ಅರ್ಧಂಬರ್ಧ ಕೆಲಸವನ್ನು ನಾಲ್ಕು ಮಂದಿಯ ಮುಂದೆ ಹರವುವುದೇ? ಒಂದು ವಾರ ತನ್ನ ಹಳೆಯ ಪ್ರತಿಯನ್ನೇ ಗುಟ್ಟಾಗಿ ತಿದ್ದಿದ. ಅದೇ ಫೈಲಿನಲ್ಲಿ ನಜ್ಮಾಳೂ ಕೆಲಸ ಮಾಡುತ್ತಿದ್ದಳು, ದಿನವೂ ಮರಳಿಸುತ್ತಿದ್ದಳು.

ಶನಿವಾರ ಸಂಜೆ ಅವನು ದೊಡ್ಡ ಮಷಿನಿನ ಫೈಲು ತೆರೆದು, ಇದ್ದದ್ದನ್ನೆಲ್ಲ ಆಯ್ದು, ಮೇಲೆ ತನ್ನದನ್ನು ಅಂಟಿಸಿ, ಕೇಳಿದಲ್ಲಿ ಒಂದು ಸಾಲು ಬರೆದು, ಸೇವ್ ಮಾಡಿದ. ಒಮ್ಮೆಯೂ ಮೌಸ್ ಮುಟ್ಟಲಿಲ್ಲ. ಬಹಳ ಚುರುಕಾದ ಕೆಲಸ. ನಜ್ಮಾಳ ವಾರದ ದುಡಿಮೆ ಅಷ್ಟೇ ಚುರುಕಾಗಿ ಹೋಯಿತು.

ಸೋಮವಾರ ಒಂದು ದವಾಖಾನೆಯಿಂದ ಫೋನ್ ಬಂತು. ಅರವತ್ತರ ಅಜ್ಜನ ಚೀಟಿಯಲ್ಲಿ ವಯಸ್ಸು ಆರು ತಿಂಗಳು.

"ನಜ್ಮಾ, ಇದು ಸರಿ ಮಾಡೀನಿ ಅಂದಿದ್ದಿ," ಎಂದರು ವಾಸುದೇವರಾವ್, ಎಲ್ಲರ ಎದುರು.

"ಮಾಡಿದ್ದೆ ಸರ್."

"ಮಾಡಿದ್ದು ಕಾಲು ಬಂದು ಎದ್ದು ಹೋಯ್ತೇನು? ಡಾಕ್ಟರು ನಗಲಿಕತ್ತಾರ."

ಏನಾಗಿದೆಯೆಂದು ಭೀಮಶಾನಿಗೆ ಆ ಕ್ಷಣವೇ ಹೊಳೆಯಿತು. ಬಾಯಿ ಬಿಟ್ಟರೆ ನೌಕರಿ ಹೋದೀತು. ಅವನು ಕೀಬೋರ್ಡಿನ ಧೂಳು ಊದುತ್ತ ಕೂತ.

ನಜ್ಮಾ ಬದಲಾವಣೆಗಳ ಪಟ್ಟಿ ತೆರೆದಳು. ಬರೆದ ಸಾಲುಗಳೆಲ್ಲ ಹೆಸರು, ವೇಳೆ ಸಮೇತ ಅಲ್ಲಿ ಉಳಿಯುತ್ತವೆಂದು ಅವನಿಗೆ ಗೊತ್ತಿರಲಿಲ್ಲ. ಶನಿವಾರ, ಐದೂ ನಲವತ್ತು, ಭೀಮಶಾ. ಮುಂದೆ ಇಂಗ್ಲಿಷ್ ಅಕ್ಷರದಲ್ಲಿ ಅವನೇ ಬರೆದ ಕನ್ನಡ: ಎಲ್ಲಾ ಸರಿ ಮಾಡೀನಿ. ಅವಳು ಒಮ್ಮೆ ಅವನತ್ತ ನೋಡಿ, ದೊಡ್ಡ ಮಷಿನಿನಲ್ಲಿ ಉಳಿದಿದ್ದ ಶುಕ್ರವಾರದ ಪ್ರತಿಯನ್ನು ಹೊರತೆಗೆದಳು. ಹತ್ತು ನಿಮಿಷದಲ್ಲಿ ಅಜ್ಜನಿಗೆ ಅರವತ್ತು ತುಂಬಿತು. ತಿಂದ ಬೈಗುಳ ಮಾತ್ರ ಹಾಗೇ ಉಳಿಯಿತು.

ಮಧ್ಯಾಹ್ನ ಅವನು ಬುತ್ತಿ ಬಿಟ್ಟು ಎದ್ದ. ಮಾಲಕರ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ತಪ್ಪು ಒಪ್ಪಿಕೊಂಡ.

ವಾಸುದೇವರಾವ್ ಚಷ್ಮಾ ತೆಗೆದರು. "ಪಟ್ಟಿ ನಾನೂ ನೋಡ್ದೆ, ಬೈದ ಮ್ಯಾಲ. ಬಾಗಿಲಾ ಹಾಕ್ಕೊಂಡು ನನಗ್ಯಾಕ ಹೇಳ್ತಿ? ಆಕಿಗಿ ಬೈದಿದ್ದು ಹೊರಗ. ನಡಿ, ನಂದೂ ಒಂದು ಮಾತದ."

ಹೊರಗೆ ಅವನೇ ಮೊದಲು ಮಾತಾಡಬೇಕಾಯಿತು.

"ನಜ್ಮಾ ಅವರ ಕೆಲಸ ಅಳಿಸಿದ್ದು ನಾನ್ರೀ. ಮುಂಜಾನಿ ಬೈಯುವಾಗೇ ಗೊತ್ತಾಗಿತ್ತು. ಸುಮ್ಮ ಕೂತೆ."

"ನಿಮಗ ಗೊತ್ತಾಗಿತ್ತು ಅಂಬೋದು ನನಗ ಗೊತ್ತಿರಲಿಲ್ಲ ನೋಡ್ರಿ," ಎಂದಳು ನಜ್ಮಾ. "ತಿಳೀಲಾರದ ಮಾಡೀರಿ ಅಂತ ಬಿಟ್ಟಿದ್ದೆ."

ಪಟ್ಟಿ ನೋಡುವ ಮೊದಲೇ ಬೈದದ್ದು ತನ್ನ ತಪ್ಪೆಂದು ವಾಸುದೇವರಾವ್ ಎಲ್ಲರ ಎದುರು ಹೇಳಿದರು. ನಜ್ಮಾ ಮತ್ತೆ ಟೈಪು ಮಾಡತೊಡಗಿದಳು. ಕೂಡಬೇಕೋ, ಇನ್ನೂ ನಿಂತಿರಬೇಕೋ ಅವನಿಗೆ ತಿಳಿಯಲಿಲ್ಲ.