ಅವ್ವ ಬಾಯಿಗೆ ತಾರದ ಹೆಸರು

ನನ್ನದು ಓಣಿಗೊಬ್ಬರಿಗೆ ಇರುವಂಥ ಹೆಸರು. ಒಬ್ಬ ಮಂತ್ರಿಗೂ ಅದೇ, ಒಬ್ಬ ಪೈಲವಾನನಿಗೂ ಅದೇ, ಭಜನೆ ಹಾಡಿ ದೊಡ್ಡವನಾದ ಒಬ್ಬ ಗಾಯಕನಿಗೂ ಅದೇ. ಅವರೆಲ್ಲರಿಗಿಂತ ಮೊದಲು ಅದು ನಮ್ಮ ಮುತ್ಯಾನದು, ಅಂದರೆ ಅಪ್ಪನ ಅಪ್ಪನದು. ಅವನು ತೀರಿಕೊಂಡ ಮೇಲೆ ನಾನು ಹುಟ್ಟಿದೆ, ಹೆಸರು ನನ್ನ ಕೊರಳಿಗೆ ಬಿತ್ತು. ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲವಲ್ಲ, ಹೀಗಾಗಿ ಅವ್ವನಿಗೆ ನಾನು ಬರೀ ‘ತಮ್ಮಾ’.

ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದವರ ಓಣಿ ನಮ್ಮದು. ಸಂಜೆ ಅವ್ವ ಬಾಗಿಲಲ್ಲಿ ನಿಂತು “ಏ ತಮ್ಮಾ” ಎಂದರೆ ಓಣಿಯ ಹುಡುಗರೆಲ್ಲ ತಿರುಗಿ ನೋಡುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಒಮ್ಮೆರ ನನ್ನ ಹೆಸರು ಹಿಡದು ಕರಿಬೇ.”

“ಮಾವನ ಹೆಸರು ಬಾಯಾಗ ತಗೀತಾರೇನೋ ಭಾಡ್ಯಾ? ನಾಲಿಗಿ ಬಿದ್ದು ಹೋಗ್ತದ!”

ನಾನು ದುಡಿಯಲು ಹತ್ತಿ, ಪುಣೆಯಲ್ಲೇ ವಾಕಡ ಬಡಾವಣೆಯ ಫ್ಲ್ಯಾಟಿಗೆ ಬಂದ ಮೇಲೂ ಅವ್ವನದು ಅದೇ ಹಟ. ಟಿವಿಯಲ್ಲಿ ಆ ಗಾಯಕ ಕಂಡರೆ “ನಿಮ್ಮ ಮುತ್ಯಾನ ಹೆಸರಿನಾಂವ ಬಂದಾನ, ದನಿ ಏರಸು” ಎನ್ನುವಳು. ನನ್ನ ಹೆಂಡತಿ ಬಿದ್ದು ಬಿದ್ದು ನಗುವಳು. ನಾನೂ ನಗುತ್ತಿದ್ದೆ. ಆದರೆ ನಾಚಿಕೆ ಬಿಟ್ಟು ಹೇಳುತ್ತೇನೆ, ಐವತ್ತು ದಾಟಿದರೂ ಅವ್ವನ ಬಾಯಲ್ಲಿ ನನ್ನ ಹೆಸರು ಕೇಳುವ ಆಸೆ ಹೋಗಿರಲಿಲ್ಲ.

ಕಳೆದ ವರ್ಷ ಅವ್ವನಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿಸಿದೆವು. ಒಂದು ಮಧ್ಯಾಹ್ನ, ಈಗ ಪರವಾಗಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಕೆಳಗೆ ಚಹಾಕ್ಕೆ ಹೋದೆ. ಚಹಾ ಪಾನಕ ಆಗಿದೆಯೆಂದು ಕ್ಯಾಂಟೀನಿನವನ ಜೊತೆ ಜಗಳ ಬೇರೆ ತೆಗೆದೆ. ಹುಚ್ಚ ನಾನು. ಮೇಲೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನರ್ಸ್ ಹುಡುಗಿ ಕಣ್ಣೊರೆಸಿಕೊಂಡು ಮರಾಠಿಯಲ್ಲಿ ಹೇಳಿದಳು: “ಆಜಿಗೆ ಆ ಗಾಯಕರೆಂದರೆ ಬಹಳ ಇಷ್ಟವಿತ್ತೇನು? ಬಾಗಿಲ ಕಡೆ ನೋಡುತ್ತ ಅವರ ಹೆಸರನ್ನೇ ಕರೆಯುತ್ತಿದ್ದರು. ಪಾಪ ಅಂತ ಮೊಬೈಲಿನಲ್ಲಿ ಅವರ ಭಜನೆ ಹಚ್ಚಿ ಕಿವಿ ಹತ್ತಿರ ಹಿಡಿದೆ.”

ನನ್ನ ಹೆಸರು ಆ ಹುಡುಗಿಗೆ ಹೇಗೆ ಗೊತ್ತಿರಬೇಕು? ವಾರ್ಡಿನಲ್ಲೂ ಅವ್ವ ನನ್ನನ್ನು ತಮ್ಮಾ ಎಂದೇ ಕರೆಯುತ್ತಿದ್ದಳು.

“ಹೇಗೆ ಕರೆದಳು? ಒಮ್ಮೆ ಹಾಗೇ ಹೇಳಿ ತೋರಿಸು” ಎಂದೆ. ಅವಳು ಗಲಿಬಿಲಿಗೊಂಡು, ದೊಡ್ಡವರ ಹೆಸರೆಂದು ಕೊನೆಗೊಂದು ‘ಜೀ’ ಸೇರಿಸಿ ಹೇಳಿದಳು.

ನನ್ನ ಮರಾಠಿಯೆಲ್ಲ ಎಲ್ಲಿ ಹೋಯಿತೋ. “ಜೀ ಬ್ಯಾಡ, ಬರೇ ಹೆಸರು ಅನ್ನವ್ವಾ” ಎಂದು ಕನ್ನಡದಲ್ಲೇ ಅಂಗಲಾಚಿದೆ. ಅವಳಿಗೆ ತಿಳಿಯಲಿಲ್ಲ.